ಹೊಸ ಮಣಿಕಟ್ಟು: ಎಷ್ಟು ಬಾಗುತ್ತದೆ, ಎಷ್ಟು ಭಾರ ತಾಳುತ್ತದೆ?

*ಆರೋಗ್ಯ ಮಾಲಿಕೆ – ನಮ್ಮ ಕೀಲುಗಳು*

ಎಲ್ಲರಿಗೂ ನಮಸ್ಕಾರ 🙏

ನಮಸ್ಕಾರ ಎಂದೆನಲ್ಲ, ಒಮ್ಮೆ ಮೊಬೈಲ್ ಕೆಳಗಿಟ್ಟು ನೀವೂ ಕೈ ಜೋಡಿಸಿ ನೋಡಿ. ಮೊದಲು ಮೊಣಕೈಗಳನ್ನು ಎರಡೂ ಪಕ್ಕಕ್ಕೆ ಚೆನ್ನಾಗಿ ಎತ್ತಿ, ಎದೆಯ ಮುಂದೆ ಅಂಗೈಗೆ ಅಂಗೈ ಒತ್ತಿ. ಮಣಿಕಟ್ಟು ಹಿಂದಕ್ಕೆ ಪೂರ್ತಿ ಮಡಿದು, ಒಳಭಾಗ ಎಳೆದಂತೆ ಆಗುತ್ತದೆ. ಈಗ ಮೊಣಕೈಗಳನ್ನು ಇಳಿಸಿ, ಕೈಗಳನ್ನು ಸ್ವಲ್ಪ ಮೇಲೆ, ಮುಖದ ಹತ್ತಿರಕ್ಕೆ ತನ್ನಿ. ಕೈ ಜೋಡಿಸಿಯೇ ಇದೆ, ಆದರೆ ಮಣಿಕಟ್ಟಿನ ಎಳೆತ ಹೋಯಿತು.

ಎರಡೂ ನಮಸ್ಕಾರವೇ. ಮೊದಲನೆಯದಕ್ಕೆ ಮಣಿಕಟ್ಟು ತನ್ನ ಶಕ್ತಿಯ ಕೊನೆಯವರೆಗೂ ಬಾಗಬೇಕು. ಎರಡನೆಯದಕ್ಕೆ ತುಸು ಬಾಗಿದರೆ ಸಾಕು. ಇವತ್ತಿನ ಲೇಖನದ ವಿಷಯ ಸಂಪೂರ್ಣ ಮಣಿಕಟ್ಟು ಬದಲಾವಣೆ. ಅದರ ಸಾರವೂ ಇಷ್ಟೇ: ಕೃತಕ ಮಣಿಕಟ್ಟು ಎರಡನೆಯ ನಮಸ್ಕಾರವನ್ನು ನೋವಿಲ್ಲದೆ ಕೊಡಬಲ್ಲದು, ಮೊದಲನೆಯದನ್ನು ಕೊಡಲಾರದು. ಇದನ್ನು ಮೊದಲೇ ತಿಳಿದು ಆಪರೇಷನ್ನಿಗೆ ಹೋದವರು ಸಾಮಾನ್ಯವಾಗಿ ಸಮಾಧಾನದಿಂದ ಇರುತ್ತಾರೆ. ತಿಳಿಯದೆ ಹೋದವರಿಗೆ ನಿರಾಸೆಯಾಗುವ ಸಂಭವ ಹೆಚ್ಚು.

ಮಂಡಿ ಬದಲಾವಣೆ, ಸೊಂಟದ ಕೀಲು ಬದಲಾವಣೆ ಈಗ ಮನೆಮನೆಯ ಮಾತು. ಮಣಿಕಟ್ಟನ್ನೂ ಬದಲಾಯಿಸಬಹುದು ಎಂಬುದು ಅನೇಕರಿಗೆ ಗೊತ್ತಿಲ್ಲ. ವರ್ಷಗಟ್ಟಲೆ ರುಮಟಾಯ್ಡ್ ಆರ್ಥ್ರೈಟಿಸ್‌ನಿಂದ ಬಳಲುತ್ತಿರುವ ತಾಯಿಯೋ ಅತ್ತೆಯೋ ನಿಮ್ಮ ಮನೆಯಲ್ಲಿದ್ದರೆ, ಅಥವಾ ಹಳೆಯ ಪೆಟ್ಟಿನಿಂದ ಯಾರದಾದರೂ ಮಣಿಕಟ್ಟು ಸವೆದು ಹೋಗಿದ್ದರೆ, ಈ ಲೇಖನವನ್ನು ನಿಧಾನವಾಗಿ ಓದಿ.

*ಮಣಿಕಟ್ಟು ಒಂದು ಕೀಲಲ್ಲ, ಒಂದು ಗುಂಪು*

ಮಂಡಿಯಲ್ಲಿ ಕೆಲವೇ ದೊಡ್ಡ ಮೂಳೆಗಳು. ಮಣಿಕಟ್ಟಿನಲ್ಲಿ ಹಾಗಲ್ಲ. ಮೊಣಕೈಯಿಂದ ಇಳಿದು ಬರುವ ರೇಡಿಯಸ್ ಮತ್ತು ಅಲ್ನಾ ಎಂಬ ಎರಡು ಉದ್ದ ಮೂಳೆಗಳು ಒಂದು ಕಡೆ, ಅಂಗೈಯ ಐದು ಮೂಳೆಗಳು ಇನ್ನೊಂದು ಕಡೆ. ನಡುವೆ ಹುಣಸೆ ಬೀಜ, ಗೋಲಿಗಳಷ್ಟು ಗಾತ್ರದ 8 ಚಿಕ್ಕ ಮೂಳೆಗಳು. ಈ 8 ಮೂಳೆಗಳು ಎರಡು ಸಾಲಾಗಿ ಕುಳಿತಿವೆ. ಮುಂಗೈಯ ಕಡೆಗೆ ಒಂದು ಸಾಲು, ಅಂಗೈಯ ಕಡೆಗೆ ಇನ್ನೊಂದು ಸಾಲು.

ಇಲ್ಲಿ ಒಂದು ಸೋಜಿಗವಿದೆ. ಮಣಿಕಟ್ಟನ್ನು ಆಡಿಸುವ ಸ್ನಾಯುಗಳೆಲ್ಲ ಮುಂಗೈಯಲ್ಲಿವೆ. ಅವುಗಳ ಹುರಿಗಳು, ಅಂದರೆ ಟೆಂಡನ್‌ಗಳು, ಮೊದಲ ಸಾಲಿನ ಮುಖ್ಯ ಮೂಳೆಗಳನ್ನು ಹಿಡಿಯದೆ ದಾಟಿ ಹೋಗಿ, ಬಹುತೇಕ ಅಂಗೈ ಮೂಳೆಗಳ ಬುಡವನ್ನು ಹಿಡಿದುಕೊಳ್ಳುತ್ತವೆ. ಹಾಗಾಗಿ ಮೊದಲ ಸಾಲನ್ನು ನೇರವಾಗಿ ಎಳೆಯುವವರು ಯಾರೂ ಇಲ್ಲ. ಎರಡು ಕಡೆಯ ಒತ್ತಡ ಬಂದ ಹಾಗೆ ಅದು ತಾನೇ ಓರೆಯಾಗಿ, ತಿರುಗಿ, ಜಾಗ ಮಾಡಿಕೊಡುತ್ತದೆ. ಮೂಳೆಗಳನ್ನು ಒಂದಕ್ಕೊಂದು ಕಟ್ಟಿರುವ ಲಿಗಮೆಂಟ್‌ಗಳು ಗಟ್ಟಿಯಾಗಿರುವವರೆಗೆ ಈ ವ್ಯವಸ್ಥೆ ಬೆಣ್ಣೆಯ ಹಾಗೆ ನಡೆಯುತ್ತದೆ. ರುಮಟಾಯ್ಡ್ ರೋಗ ಈ ಕಟ್ಟುಗಳನ್ನೂ ಮೂಳೆಯ ತುದಿಯ ನುಣುಪಾದ ಮೃದ್ವಸ್ಥಿಯನ್ನೂ ತಿಂದುಹಾಕಿದಾಗ ಇಡೀ ಗುಂಪು ಕುಸಿಯುತ್ತದೆ. ಆಗ ನೋವು, ಊತ, ಸೊಟ್ಟ ಕೈ.

ಆರೋಗ್ಯವಂತ ಮಣಿಕಟ್ಟು ಹಿಂದಕ್ಕೂ ಮುಂದಕ್ಕೂ ಸುಮಾರು 70ರಿಂದ 80 ಡಿಗ್ರಿ ಬಾಗುತ್ತದೆ. ಹೆಬ್ಬೆರಳಿನ ಕಡೆಗೆ ಸುಮಾರು 20 ಡಿಗ್ರಿ, ಕಿರುಬೆರಳಿನ ಕಡೆಗೆ 30ರಿಂದ 40 ಡಿಗ್ರಿ ಓರೆಯಾಗುತ್ತದೆ. ಈ ಚಲನೆಗಳು ಮೊದಲ ಸಾಲಿನ ಮೇಲೂ ಕೆಳಗೂ ಇರುವ ಎರಡು ಕೀಲುಗಳ ನಡುವೆ ಹಂಚಿಹೋಗುತ್ತವೆ.

*ಎಷ್ಟು ಬಾಗಿದರೆ ಬದುಕು ನಡೆಯುತ್ತದೆ?*

ಇದು ಬಹಳ ಮುಖ್ಯ ಪ್ರಶ್ನೆ. 1985ರಲ್ಲಿ ಪಾಮರ್ ಮತ್ತು ಸಂಗಡಿಗರು ದಿನನಿತ್ಯದ ಹಲವಾರು ಕೆಲಸಗಳನ್ನು ಮಾಡಿಸಿ ಮಣಿಕಟ್ಟಿನ ಕೋನ ಅಳೆದರು. ಮುಂದಕ್ಕೆ 5 ಡಿಗ್ರಿ, ಹಿಂದಕ್ಕೆ 30 ಡಿಗ್ರಿ, ಹೆಬ್ಬೆರಳಿನ ಕಡೆಗೆ 10, ಕಿರುಬೆರಳಿನ ಕಡೆಗೆ 15 ಡಿಗ್ರಿ ಇದ್ದರೆ ಬಹುಪಾಲು ಕೆಲಸಗಳು ನಡೆಯುತ್ತವೆ ಎಂದು ಅವರು ಕಂಡರು. 1991ರಲ್ಲಿ ರ್‍ಯೂ ಮತ್ತು ಸಂಗಡಿಗರು 40 ಆರೋಗ್ಯವಂತರನ್ನು ಪರೀಕ್ಷಿಸಿ ಇನ್ನಷ್ಟು ಉದಾರವಾದ ಲೆಕ್ಕ ಕೊಟ್ಟರು: ಮುಂದಕ್ಕೆ 40, ಹಿಂದಕ್ಕೆ 40, ಅಕ್ಕಪಕ್ಕ ಒಟ್ಟು 40 ಡಿಗ್ರಿ.

ಯಾವ ಲೆಕ್ಕ ಹಿಡಿದರೂ ತಿಳಿಯುವುದು ಒಂದೇ. ದೇವರು ಕೊಟ್ಟ ಚಲನೆಯನ್ನು ನಾವು ದಿನವೂ ಪೂರ್ತಿ ಬಳಸುವುದಿಲ್ಲ. ಅನ್ನ ಕಲಸಿ ತುತ್ತು ಬಾಯಿಗೆ ಇಡಲು, ಗುಂಡಿ ಹಾಕಲು, ತಲೆ ಬಾಚಲು, ಬರೆಯಲು ನಡುವಿನ ಒಂದು ಚಿಕ್ಕ ಕಮಾನು ಸಾಕು. ಕೃತಕ ಮಣಿಕಟ್ಟಿನ ಗುರಿಯೂ ಈ ಚಿಕ್ಕ ಕಮಾನನ್ನು ನೋವಿಲ್ಲದೆ ಮರಳಿಸುವುದೇ. ಆಪರೇಷನ್ ಆದ ಮೇಲೆ ಸಾಮಾನ್ಯವಾಗಿ ಮುಂದಕ್ಕೂ ಹಿಂದಕ್ಕೂ 30 ಡಿಗ್ರಿಯ ಆಸುಪಾಸು ಚಲನೆ ಸಿಗುತ್ತದೆ. ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ. ಮೊದಲು ಎಷ್ಟು ಬಾಗುತ್ತಿತ್ತು ಎಂಬುದರ ಮೇಲೆ ಬಹಳಷ್ಟು ನಿಂತಿದೆ. ವರ್ಷಗಳಿಂದ ಮರಗಟ್ಟಿದ ಕೈ ಆಪರೇಷನ್ನಿನಿಂದ ಏಕಾಏಕಿ ಸಡಿಲವಾಗುವುದಿಲ್ಲ.

*ಆಪರೇಷನ್ನಿನಲ್ಲಿ ಏನು ಬದಲಾಗುತ್ತದೆ?*

ಹಾಳಾದ ಮೊದಲ ಸಾಲಿನ ಮೂಳೆಗಳನ್ನು ಬಹುಪಾಲು ತೆಗೆಯುತ್ತಾರೆ. ರೇಡಿಯಸ್ ಮೂಳೆಯ ತುದಿಯನ್ನು ಸಮ ಮಾಡಿ ಅದರೊಳಗೆ ಒಂದು ಲೋಹದ ಭಾಗ ಕೂರಿಸುತ್ತಾರೆ. ಇನ್ನೊಂದು ಭಾಗವನ್ನು ಎರಡನೆಯ ಸಾಲಿನ ಮೂಳೆಗಳ ಮೇಲಿಟ್ಟು, ನಡುವಿನ ಕ್ಯಾಪಿಟೇಟ್ ಎಂಬ ಮೂಳೆಗೆ ಮತ್ತು ಅಕ್ಕಪಕ್ಕಕ್ಕೆ ಸ್ಕ್ರೂ ಅಥವಾ ಮೊಳೆಯಂಥ ಕಾಂಡದಿಂದ ಬಿಗಿಯುತ್ತಾರೆ. ಅನೇಕ ಮಾದರಿಗಳಲ್ಲಿ ಎರಡನೆಯ ಸಾಲಿನ ಮೂಳೆಗಳನ್ನು ಒಂದಕ್ಕೊಂದು ಬೆಸೆಯುವಂತೆಯೂ ಮಾಡುತ್ತಾರೆ, ಬುಡ ಗಟ್ಟಿಯಿರಲಿ ಎಂದು. ಎರಡು ಭಾಗಗಳ ನಡುವೆ ಜಾರುವುದಕ್ಕೆ ಗಟ್ಟಿ ಪ್ಲಾಸ್ಟಿಕ್, ಅಂದರೆ ಪಾಲಿಎಥಿಲೀನ್. ಕೆಲವು ಮಾದರಿಗಳಲ್ಲಿ ಬೇರೆ ವಸ್ತು.

ಹೀಗೆ ಎರಡು ಸಾಲುಗಳು, ಎಂಟು ಮೂಳೆಗಳು, ಹತ್ತಾರು ಲಿಗಮೆಂಟ್‌ಗಳು ಹಂಚಿಕೊಂಡು ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಒಂದೇ ಒಂದು ಜಾಗ ಮಾಡಬೇಕು. ದೊಡ್ಡ ಕೂಡು ಕುಟುಂಬದ ಕೆಲಸ ಒಬ್ಬರ ಹೆಗಲಿಗೆ ಬಿದ್ದ ಹಾಗೆ. ಮುಂದೆ ಬರುವ ಎಲ್ಲ ಎಚ್ಚರಿಕೆಗಳ ಮೂಲ ಇದೇ.

*1) ಕಲ್ಲು ಎಸೆಯುವ ಚಲನೆ*

ಮಾವಿನಕಾಯಿಗೆ ಕಲ್ಲು ಬೀರುವಾಗ ನಿಮ್ಮ ಕೈ ಹೇಗೆ ಆಡುತ್ತದೆ ನೋಡಿ. ಮೊದಲು ಹಿಂದಕ್ಕೆ, ಹೆಬ್ಬೆರಳಿನ ಕಡೆಗೆ. ಆಮೇಲೆ ಮುಂದಕ್ಕೆ, ಕಿರುಬೆರಳಿನ ಕಡೆಗೆ. ಸುತ್ತಿಗೆ ಹೊಡೆಯುವಾಗ, ಚೊಂಬಿನಿಂದ ನೀರು ಸುರಿಯುವಾಗ, ಬಾಗಿಲ ಮುಂದೆ ನೀರು ಚಿಮುಕಿಸುವಾಗಲೂ ಇದೇ ಓರೆ ಹಾದಿ. ಆರೋಗ್ಯವಂತ ಕೈಯಲ್ಲಿ ಈ ಚಲನೆ ಹೆಚ್ಚಾಗಿ ಎರಡು ಸಾಲುಗಳ ನಡುವಿನ ಕೀಲಿನಲ್ಲಿ ನಡೆಯುತ್ತದೆ, ಮೊದಲ ಸಾಲು ಬಹುತೇಕ ಸುಮ್ಮನಿರುತ್ತದೆ.

ಬದಲಾವಣೆಯ ನಂತರ ಆ ಕೀಲೇ ಇರುವುದಿಲ್ಲ. ಹಾಗಾದರೆ ಚೊಂಬು ಹಿಡಿಯಲಾಗದೇ? ಹಿಡಿಯಬಹುದು. ಈಗಿನ ಅನೇಕ ಕೃತಕ ಮಣಿಕಟ್ಟುಗಳ ಮೇಲ್ಮೈ ಮೊಟ್ಟೆಯ ಬೆನ್ನಿನಂತೆ ಅಂಡಾಕಾರವಾಗಿದ್ದು, ಹಿಂದೆ ಮುಂದೆಯೂ ಅಕ್ಕಪಕ್ಕವೂ ಆಡುತ್ತದೆ. ಎರಡೂ ಸೇರಿದರೆ ಓರೆ ಚಲನೆ ಬರುತ್ತದೆ, ಆದರೆ ಮೊದಲಿಗಿಂತ ಚಿಕ್ಕದಾಗಿ. ಉಳಿದದ್ದನ್ನು ಮೊಣಕೈ ಮತ್ತು ಭುಜ ತುಂಬಿಕೊಡುತ್ತವೆ.

*2) ತಿರುಗುವ ಕೇಂದ್ರ*

ಬಾಗಿಲಿನ ತಿರುಗಣೆ ಅರ್ಧ ಇಂಚು ಆಚೀಚೆ ಆದರೆ ಬಾಗಿಲು ಓರೆಯಾಗಿ ನಿಲ್ಲುತ್ತದೆ. ಮಣಿಕಟ್ಟಿಗೂ ಇಂಥ ಒಂದು ಕೇಂದ್ರವಿದೆ. ಅದು ಕ್ಯಾಪಿಟೇಟ್ ಮೂಳೆಯ ತಲೆಯ ಭಾಗದಲ್ಲಿದೆ. ಅದರ ಸುತ್ತ ಟೆಂಡನ್‌ಗಳು ನಾಲ್ಕು ಕಡೆಯಿಂದ ಸಮತೂಕದಲ್ಲಿ ಎಳೆಯುತ್ತವೆ. ಕೃತಕ ಕೀಲಿನ ಕೇಂದ್ರ ಅಲ್ಲಿಂದ ಸರಿದರೆ ಒಂದು ಕಡೆಯ ಹುರಿಗೆ ಬಲ ಹೆಚ್ಚಿ, ಇನ್ನೊಂದಕ್ಕೆ ಕಡಿಮೆಯಾಗುತ್ತದೆ. 1970ರ ದಶಕದ ಮೊದಲ ಲೋಹದ ಮಾದರಿಗಳಲ್ಲಿ ಇದೇ ತೊಂದರೆಯಾಯಿತು. ಅನೇಕರ ಕೈ ಕಿರುಬೆರಳಿನ ಕಡೆಗೆ ವಾಲಿತು. ಅಂಥ ಪಾಠಗಳಿಂದಲೇ ಇಂದಿನ ವಿನ್ಯಾಸಗಳು ಬಂದಿವೆ.

ಉದ್ದವೂ ಅಷ್ಟೇ ಮುಖ್ಯ. ಮೂಳೆ ಹೆಚ್ಚು ಕತ್ತರಿಸಿದರೆ ಟೆಂಡನ್‌ಗಳು ಸಡಿಲವಾಗಿ ಹಿಡಿತ ಕುಗ್ಗುತ್ತದೆ. ಕಡಿಮೆ ಕತ್ತರಿಸಿದರೆ ಬಿಗಿಯಾಗಿ ಕೀಲು ಬಾಗುವುದೇ ಕಷ್ಟ.

*3) ಮುಷ್ಟಿಯ ಬಲ*

ಇನ್ನೊಂದು ಪ್ರಯೋಗ ಮಾಡಿ. ಕೈಯನ್ನು ಮಣಿಕಟ್ಟಿನಲ್ಲಿ ಪೂರ್ತಿ ಕೆಳಕ್ಕೆ ಬಾಗಿಸಿ, ಹಾಗೆಯೇ ಗಟ್ಟಿಯಾಗಿ ಮುಷ್ಟಿ ಕಟ್ಟಿ. ಆಗುವುದಿಲ್ಲ. ಈಗ ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ ಎತ್ತಿ ಮುಷ್ಟಿ ಕಟ್ಟಿ. ಬಲ ತಾನಾಗಿ ಬರುತ್ತದೆ. ಬೆರಳುಗಳನ್ನು ಮಡಿಸುವ ಹುರಿಗಳು ಮಣಿಕಟ್ಟನ್ನು ದಾಟಿಯೇ ಹೋಗುವುದರಿಂದ, ಅದು 20ರಿಂದ 35 ಡಿಗ್ರಿ ಹಿಂದಕ್ಕೆ ಬಾಗಿರುವಾಗಲೇ ಹಿಡಿತ ಗಟ್ಟಿ.

ನೋವಿನ ಮಣಿಕಟ್ಟು ಮುಂದಕ್ಕೆ ಜೋತುಬಿದ್ದವರ ಬೆರಳು ಸರಿಯಿದ್ದರೂ ಲೋಟ ಜಾರುವುದು ಇದಕ್ಕೇ. ಹೊಸ ಕೀಲು ಕೈಯನ್ನು ಸರಿಯಾದ ಕೋನಕ್ಕೆ ಎತ್ತಿ ನಿಲ್ಲಿಸಿದರೆ, ನೋವೂ ಹೋದರೆ, ಹಿಡಿತ ಸುಧಾರಿಸುತ್ತದೆ. ಆದರೆ ಕೈಯನ್ನು ಹಿಂದಕ್ಕೆ ಎತ್ತುವ ಟೆಂಡನ್‌ಗಳು ರೋಗದಿಂದ ಹರಿದುಹೋಗಿದ್ದರೆ, ಎಷ್ಟು ಒಳ್ಳೆಯ ಕೀಲು ಹಾಕಿದರೂ ಅದನ್ನು ಆಡಿಸುವವರೇ ಇರುವುದಿಲ್ಲ. ಆದ್ದರಿಂದಲೇ ಆಪರೇಷನ್ನಿಗೆ ಮುಂಚೆ ಈ ಟೆಂಡನ್‌ಗಳನ್ನು ಪರೀಕ್ಷಿಸುತ್ತಾರೆ.

*4) ಭಾರದ ಲೆಕ್ಕ*

ಅಂಗೈ ಕೆಳಮುಖವಾಗಿ ಕೈ ಚಾಚಿ 2 ಕೆಜಿಯ ಪಾತ್ರೆ ಹಿಡಿದಿದ್ದೀರಿ ಎಂದುಕೊಳ್ಳಿ. ಹಿಡಿದ ಜಾಗ ಮಣಿಕಟ್ಟಿನ ಕೇಂದ್ರದಿಂದ ಸುಮಾರು 8 ಸೆಂಟಿಮೀಟರ್ ದೂರ. ಅದನ್ನು ಎತ್ತಿ ಹಿಡಿಯುವ ಟೆಂಡನ್ ಇರುವುದು ಕೇಂದ್ರದಿಂದ ಸುಮಾರು 2 ಸೆಂಟಿಮೀಟರ್ ದೂರದಲ್ಲಿ ಮಾತ್ರ. ಪಾರ್ಕಿನ ಸೀಸಾ ನೆನಪು ಮಾಡಿಕೊಳ್ಳಿ: ಹತ್ತಿರ ಕುಳಿತವರು ಹೆಚ್ಚು ಒತ್ತಬೇಕು. ಹಾಗಾಗಿ ಟೆಂಡನ್ ನಾಲ್ಕು ಪಟ್ಟು, ಅಂದರೆ ಸುಮಾರು 8 ಕೆಜಿ ಬಲದಿಂದ ಎಳೆಯಬೇಕು. ಆ ಎಳೆತವೆಲ್ಲ ಕೀಲಿನ ಮೇಲೆ ಒತ್ತಡವಾಗಿ ಬೀಳುತ್ತದೆ. ಪಾತ್ರೆ ಜಾರದಂತೆ ಬೆರಳು ಬಿಗಿಹಿಡಿಯುವ ಬಲ ಬೇರೆ. ಉದ್ದ ಹಿಡಿಕೆಯ ಬಾಣಲೆಯಾದರೆ ಭಾರ ಇನ್ನೂ ದೂರ ಹೋಗಿ ಲೆಕ್ಕ ಮತ್ತಷ್ಟು ಏರುತ್ತದೆ.

ಸಹಜ ಮಣಿಕಟ್ಟಿನಲ್ಲಿ ಈ ಒತ್ತಡದ ಸುಮಾರು 80 ಪಾಲು ರೇಡಿಯಸ್‌ಗೂ 20 ಪಾಲು ಅಲ್ನಾ ಕಡೆಗೂ ಹಂಚಿಹೋಗುತ್ತದೆ. ಚಿಕ್ಕ ಮೂಳೆಗಳು, ಲಿಗಮೆಂಟ್‌ಗಳು ಸ್ವಲ್ಪ ಸರಿದು ಏಟನ್ನು ನುಂಗುತ್ತವೆ. ಲೋಹಕ್ಕೆ ಆ ಗುಣವಿಲ್ಲ. ಬಲ ನೇರವಾಗಿ ಸ್ಕ್ರೂಗಳಿಗೆ, ಅವು ಕುಳಿತಿರುವ ಚಿಕ್ಕ, ಅನೇಕ ಸಲ ರೋಗದಿಂದ ಮೆತ್ತಗಾದ ಮೂಳೆಗಳಿಗೆ ಹೋಗುತ್ತದೆ. ಕೃತಕ ಮಣಿಕಟ್ಟು ಸೋಲುವಾಗ ಹೆಚ್ಚಾಗಿ ಅಂಗೈ ಕಡೆಯ ಭಾಗವೇ ಮೊದಲು ಸಡಿಲಗೊಳ್ಳುವುದು ಇದರಿಂದ. ತಿರುಚುವ ಬಲವೂ ಹಾಗೆಯೇ. ಅಂಡಾಕಾರದ ಕೀಲು ಬುಗುರಿಯಂತೆ ತಿರುಗುವುದಿಲ್ಲ. ಬಿಗಿ ಮುಚ್ಚಳ ತಿರುಗಿಸುವಾಗ, ಒದ್ದೆ ಬಟ್ಟೆ ಹಿಂಡುವಾಗ ಆ ತಿರುಚು ನೇರ ಬುಡವನ್ನು ಅಲುಗಿಸುತ್ತದೆ.

*ಸ್ವಲ್ಪ ಇತಿಹಾಸ*

1890ರ ಸುಮಾರಿಗೆ ಬರ್ಲಿನ್‌ನಲ್ಲಿ ಥೆಮಿಸ್ಟೋಕ್ಲಿಸ್ ಗ್ಲಕ್ ಎಂಬ ಶಸ್ತ್ರವೈದ್ಯರು ಕ್ಷಯದಿಂದ ಹಾಳಾದ ಕೀಲುಗಳಿಗೆ ದಂತದ ಕೀಲು ಹಾಕಲು ಯತ್ನಿಸಿದರು. ಅದರಲ್ಲಿ ಮಣಿಕಟ್ಟೂ ಇತ್ತು. ಸೋಂಕು ಆ ಪ್ರಯತ್ನವನ್ನು ಮುಂದುವರಿಯಲು ಬಿಡಲಿಲ್ಲ. 1960ರ ದಶಕದಲ್ಲಿ ಅಮೆರಿಕದ ಆಲ್ಫ್ರೆಡ್ ಸ್ವಾನ್ಸನ್ ಸಿಲಿಕೋನ್ ಕೀಲು ತಂದರು. ಮೊದಮೊದಲು ಚೆನ್ನಾಗಿತ್ತು, ವರ್ಷಗಳು ಕಳೆದಂತೆ ಅನೇಕರಲ್ಲಿ ಮುರಿಯಿತು, ಅದರ ಪುಡಿಯಿಂದ ಉರಿಯೂತವೂ ಬಂತು. 1970ರ ದಶಕದಲ್ಲಿ ಮೊಯ್ಲಿ ಮತ್ತು ವೋಲ್ಜ್ ಅವರ ಲೋಹದ ಮಾದರಿಗಳು ಬಂದವು. ಮೂಳೆ ಕಡಿಮೆ ತೆಗೆಯುವ, ಸ್ಕ್ರೂ ಬಳಸುವ ಈಗಿನ ಮಾದರಿಗಳು ಆಮೇಲಿನವು. ಸುಧಾರಣೆ ನಿಜ. ಆದರೂ ಬಾಳಿಕೆಯಲ್ಲಿ ಮಂಡಿ, ಸೊಂಟದ ಕೃತಕ ಕೀಲುಗಳ ಮಟ್ಟವನ್ನು ಮಣಿಕಟ್ಟು ಇನ್ನೂ ಮುಟ್ಟಿಲ್ಲ.

*ಬದಲಾವಣೆಯೋ, ಬೆಸುಗೆಯೋ?*

ಹಾಳಾದ ಮಣಿಕಟ್ಟಿಗೆ ಇನ್ನೊಂದು ಹಳೆಯ, ನಂಬಿಕೆಯ ಚಿಕಿತ್ಸೆ ಇದೆ: ಬೆಸುಗೆ, ಅಂದರೆ ಫ್ಯೂಷನ್. ಮೂಳೆಗಳನ್ನು ಪ್ಲೇಟ್ ಹಾಕಿ ಒಂದಾಗಿಸುತ್ತಾರೆ, ಸಾಮಾನ್ಯವಾಗಿ ತುಸು ಹಿಂದಕ್ಕೆ ಬಾಗಿದ ಸ್ಥಿತಿಯಲ್ಲಿ. ಕೀಲೇ ಇಲ್ಲವಾದ್ದರಿಂದ ಅಲ್ಲಿ ಬಾಗುವುದಿಲ್ಲ, ಆದರೆ ಬಲವಿದೆ, ಬಾಳಿಕೆಯಿದೆ, ಬಹುತೇಕರಿಗೆ ನೋವೂ ಹೋಗುತ್ತದೆ.

"ಬೆಸೆದರೆ ಕೈ ಕಟ್ಟಿಗೆಯಾಗುತ್ತದೆ" ಎಂಬ ಭಯ ಬೇಡ. ಮೊಣಕೈ ಪಕ್ಕೆಗೆ ಒತ್ತಿ ಅಂಗೈಯನ್ನು ಮೇಲೆ ಕೆಳಗೆ ಮಾಡಿ ನೋಡಿ. ಈ ತಿರುಗಾಟ ಮಣಿಕಟ್ಟಿನದಲ್ಲ, ಮುಂಗೈಯ ಎರಡು ಮೂಳೆಗಳದು. ಕೀಲಿಕೈ ತಿರುಗಿಸುವುದು, ಅಂಗೈಯಲ್ಲಿ ತೀರ್ಥ ಹಿಡಿಯುವುದು ಬೆಸುಗೆಯ ನಂತರವೂ ಸಾಧ್ಯ. ಬೆರಳುಗಳೂ ಆಡುತ್ತವೆ. ಕಷ್ಟವಾಗುವುದು ಇಕ್ಕಟ್ಟಿನ ಕೆಲಸಗಳು: ಕಿರಿದಾದ ಡಬ್ಬಿಯೊಳಗೆ ಕೈ ಹಾಕುವುದು, ಬೆನ್ನ ಹಿಂದಿನ ಹುಕ್ಕು, ಶೌಚದ ನಂತರ ತೊಳೆದುಕೊಳ್ಳುವುದು.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಪುಣೆಯಲ್ಲಿ ಮಗನ ಜೊತೆ ಇರುವ ಅರವತ್ತರ ಆಸುಪಾಸಿನ ತಾಯಿ. ಎರಡೂ ಮಣಿಕಟ್ಟು ರುಮಟಾಯ್ಡ್‌ನಿಂದ ಹಾಳಾಗಿವೆ. ಇಂಥವರಲ್ಲಿ ಎರಡನ್ನೂ ಬೆಸೆದರೆ ಸ್ವಂತ ಶುಚಿಗೂ ಇನ್ನೊಬ್ಬರನ್ನು ಕೇಳಬೇಕಾಗಬಹುದು. ಆ ಮಾತನ್ನು ಯಾವ ತಾಯಿಯೂ ಮಗನ ಮುಂದೆ ಸುಲಭವಾಗಿ ಆಡುವುದಿಲ್ಲ. ಆದ್ದರಿಂದ ಕೆಲವು ವೈದ್ಯರು ಒಂದು ಕೈ ಬೆಸೆದು ಬಲಕ್ಕೆ, ಇನ್ನೊಂದನ್ನು ಬದಲಾಯಿಸಿ ಚಲನೆಗೆ ಎಂದು ಹಂಚುತ್ತಾರೆ. ಅದೇ ಗಾರೆ ಕೆಲಸ, ಬಡಗಿ ಕೆಲಸ ಮಾಡುವ ನಲವತ್ತರ ಗಂಡಸಾದರೆ ಬೆಸುಗೆಯೇ ಹೆಚ್ಚು ಸೂಕ್ತ. ದಿನದ ದುಡಿಮೆಯ ಭಾರಕ್ಕೆ ಕೃತಕ ಕೀಲು ಬೇಗ ಸಡಿಲವಾಗುತ್ತದೆ.

ಇನ್ನೊಂದು ಮಾತು. ಕೃತಕ ಕೀಲು ಸೋತರೆ ಅದನ್ನು ತೆಗೆದು ಬೆಸೆಯಬಹುದು. ಆದರೆ ಮೂಳೆ ಕಳೆದಿರುವುದರಿಂದ ಆ ಆಪರೇಷನ್ ಮೊದಲಿನದಕ್ಕಿಂತ ಕಷ್ಟ.

*ಯಾರಿಗೆ ಬೇಡ?*

• ಕೀಲಿನಲ್ಲಿ ಸೋಂಕು ಇರುವವರಿಗೆ
• ಭಾರದ ಕೈಗೆಲಸದಿಂದಲೇ ಜೀವನ ಮಾಡುವವರಿಗೆ
• ಮೂಳೆ ತೀರಾ ದುರ್ಬಲವಾದವರಿಗೆ
• ಮಣಿಕಟ್ಟನ್ನು ಎತ್ತುವ ಟೆಂಡನ್ ಅಥವಾ ನರ ಕೆಲಸ ಮಾಡದವರಿಗೆ
• ವಾಕರ್, ಊರುಗೋಲಿನ ಮೇಲೆ ಅಂಗೈ ಊರಿ ನಡೆಯುವವರಿಗೆ (ಮುಂಗೈ ಮೇಲೆ ಭಾರ ಬೀಳುವ ವಾಕರ್ ಬಳಸಬಹುದೇ ಎಂದು ವೈದ್ಯರನ್ನು ಕೇಳಿ)

*ಹೊಸ ಮಣಿಕಟ್ಟಿನೊಂದಿಗೆ ಬದುಕು*

ಮೊದಲ ಕೆಲವು ವಾರ ಸ್ಪ್ಲಿಂಟ್ ಇರುತ್ತದೆ. ಬೆರಳುಗಳನ್ನು ಮಾತ್ರ ಬೇಗನೆ ಆಡಿಸಲು ಹೇಳುತ್ತಾರೆ. ಆಮೇಲೆ ಫಿಸಿಯೋಥೆರಪಿ. ಪೂರ್ತಿ ಫಲ ಕಾಣಲು ತಿಂಗಳುಗಳು ಬೇಕು.

ಆಮೇಲಿನ ನಿಯಮಗಳು ಜೀವನಪೂರ್ತಿ:

1. ಆ ಕೈಯಿಂದ ಪದೇಪದೇ ಭಾರ ಎತ್ತಬೇಡಿ. ಅನೇಕ ವೈದ್ಯರು ಸುಮಾರು 4–5 ಕೆಜಿಯ ಮಿತಿ ಹೇಳುತ್ತಾರೆ. ನಿಮ್ಮ ವೈದ್ಯರು ಹೇಳಿದ್ದೇ ನಿಮ್ಮ ಮಿತಿ.
2. ಅಂಗೈ ಊರಿ ಏಳಬೇಡಿ. ನೆಲದಿಂದ, ಮಂಚದಿಂದ ಏಳುವಾಗ ಮುಂಗೈ ಊರಿ ಅಥವಾ ಇನ್ನೊಬ್ಬರ ಸಹಾಯ ಪಡೆಯಿರಿ. ಸೂರ್ಯನಮಸ್ಕಾರ, ದಂಡ ಹೊಡೆಯುವುದು ಬೇಡ. ಕುಳಿತು ಮಾಡುವ ಪ್ರಾಣಾಯಾಮಕ್ಕೆ ಅಡ್ಡಿಯಿಲ್ಲ.
3. ಕುಕ್ಕರ್, ಹಿಟ್ಟಿನ ಪಾತ್ರೆಯನ್ನು ಎರಡೂ ಕೈಯಿಂದ, ಮೈಗೆ ಹತ್ತಿರ ಹಿಡಿಯಿರಿ. ದೂರ ಕಡಿಮೆಯಾದಷ್ಟು ಕೀಲಿನ ಹೊರೆ ಕಡಿಮೆ.
4. ತರಕಾರಿ ಚೀಲವನ್ನು ಬೆರಳಿಗೆ ತೂಗುಹಾಕುವ ಬದಲು ಹೆಗಲಿಗೆ ಹಾಕಿ.
5. ಸುತ್ತಿಗೆ, ಕುಟ್ಟಾಣಿ, ತೆಂಗಿನಕಾಯಿ ಒಡೆಯುವುದು ಬೇರೆಯವರಿಗೆ ಬಿಡಿ. ಬಟ್ಟೆ ಹಿಂಡುವುದೂ ಅಷ್ಟೇ.
6. ಮುಂಬೈ ಲೋಕಲ್‌ನಲ್ಲೋ ಸಿಟಿ ಬಸ್ಸಿನಲ್ಲೋ ಆ ಕೈಯಿಂದ ಮೇಲಿನ ಹಿಡಿಕೆಗೆ ಜೋತುಬೀಳಬೇಡಿ. ಒಂದು ಬ್ರೇಕಿನ ಜಗ್ಗು ಸಾಕು.
7. ಬೀಳದಂತೆ ಎಚ್ಚರ. ಬಚ್ಚಲಲ್ಲಿ ಜಾರದ ಮ್ಯಾಟ್, ಹಿಡಿಯಲು ಕಂಬಿ ಹಾಕಿಸಿ.
8. ನೋವಿಲ್ಲದಿದ್ದರೂ ಹೇಳಿದ ಸಮಯಕ್ಕೆ ಎಕ್ಸ್‌ರೇ ಮಾಡಿಸಿ. ಸಡಿಲವಾಗುವುದು ಎಷ್ಟೋ ಸಲ ಎಕ್ಸ್‌ರೇಯಲ್ಲಿ ಮೊದಲು ಕಾಣುತ್ತದೆ, ನೋವು ಆಮೇಲೆ ಬರುತ್ತದೆ.

*ತಡಮಾಡದೆ ವೈದ್ಯರ ಬಳಿ ಹೋಗಿ:* ಕೆಂಪು, ಬಿಸಿ, ಕೀವು, ಜ್ವರ ಕಂಡರೆ; ಹೋಗಿದ್ದ ನೋವು ಮರಳಿದರೆ; ನೋವಿನ ಜೊತೆ ಹೊಸದಾಗಿ ಕಟಕಟ ಸದ್ದು ಬಂದರೆ; ಕೈ ಒಂದು ಕಡೆ ವಾಲತೊಡಗಿದರೆ; ಇದ್ದಕ್ಕಿದ್ದಂತೆ ಬೆರಳು ಎತ್ತಲಾಗದಿದ್ದರೆ.

*ಆಸ್ಪತ್ರೆಗೆ ಹೋಗುವ ಮುನ್ನ*

ಮಂಡಿಯಷ್ಟು ಹೆಚ್ಚು ಸಂಖ್ಯೆಯಲ್ಲಿ ಮಣಿಕಟ್ಟು ಬದಲಾವಣೆ ನಡೆಯುವುದಿಲ್ಲ. ಆದ್ದರಿಂದ ಕೈಯ ಶಸ್ತ್ರಚಿಕಿತ್ಸೆಯಲ್ಲೇ ಪಳಗಿದ ಹ್ಯಾಂಡ್ ಸರ್ಜನ್ ಅವರನ್ನು ಕಾಣಿ. ಸಂಕೋಚ ಬಿಟ್ಟು ಕೇಳಿ: ಈ ಆಪರೇಷನ್ ಎಷ್ಟು ಮಾಡಿದ್ದೀರಿ? ನನಗೆ ಬೆಸುಗೆ ಏಕೆ ಬೇಡ? ನನ್ನ ಟೆಂಡನ್‌ಗಳು ಹೇಗಿವೆ? ಎಷ್ಟು ಭಾರ ಎತ್ತಬಹುದು? ಇದು ಸೋತರೆ ಮುಂದೇನು?

ನಮ್ಮಂಥ ಹೊರನಾಡ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ವೈದ್ಯರು ಮರಾಠಿ, ತಮಿಳು, ತೆಲುಗು ಅಥವಾ ಹಿಂದಿಯಲ್ಲಿ ಕೇಳುತ್ತಾರೆ. ಊರಿಂದ ಬಂದ ಅಮ್ಮನಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. "ಹೂಂ, ನೋವಿದೆ" ಎಂದು ಸುಮ್ಮನಾಗುತ್ತಾರೆ. ಹಿಂದಿನ ದಿನವೇ ಅವರ ಜೊತೆ ಕುಳಿತು ಒಂದು ಪಟ್ಟಿ ಮಾಡಿ: ಯಾವ ಕೆಲಸ ಆಗುತ್ತಿಲ್ಲ, ಯಾವುದು ಮತ್ತೆ ಆಗಲೇಬೇಕು. ತುತ್ತು ಕಲಸುವುದೇ, ಜಡೆ ಹೆಣೆಯುವುದೇ, ಬಚ್ಚಲಿನ ಕೆಲಸವೇ? ಕೊನೆಯದನ್ನು ಮಗಳೋ ಸೊಸೆಯೋ ಏಕಾಂತದಲ್ಲಿ ಕೇಳಿದರೆ ಹೇಳುತ್ತಾರೆ. ಆ ಪಟ್ಟಿಯನ್ನು ವೈದ್ಯರ ಮುಂದಿಡಿ. ಬದಲಾವಣೆಯೋ ಬೆಸುಗೆಯೋ ಎಂಬ ನಿರ್ಧಾರಕ್ಕೆ ಎಕ್ಸ್‌ರೇಯಷ್ಟೇ ಅದೂ ಮುಖ್ಯ.

ಮನೆಯಲ್ಲಿ ಯಾರಾದರೂ ಕೈ ಜೋಡಿಸುವಾಗ ನೋವಿನಿಂದ ಮುಖ ಕಿವುಚಿದರೆ "ವಯಸ್ಸಾಯಿತು" ಎಂದು ಬಿಡಬೇಡಿ. ಬೇಗ ತೋರಿಸಿದರೆ ಔಷಧಿಯಲ್ಲೇ ಕೀಲು ಉಳಿಯಬಹುದು. ಆಪರೇಷನ್ನಿನ ಮಾತೇ ಬರದಿರಬಹುದು.

_ಈ ಲೇಖನ ತಿಳಿವಳಿಕೆಗಾಗಿ ಮಾತ್ರ. ಚಿಕಿತ್ಸೆಯ ನಿರ್ಧಾರವನ್ನು ನಿಮ್ಮ ವೈದ್ಯರ ಜೊತೆ ಮಾತಾಡಿಯೇ ಮಾಡಿ. ಕೀಲುನೋವಿನಿಂದ ಬಳಲುವ ಕನ್ನಡ ಬಂಧುಗಳು ನಿಮ್ಮ ಗುಂಪಿನಲ್ಲಿದ್ದರೆ ಅವರಿಗೂ ಕಳುಹಿಸಿ._